ಕಟಕಟೆಯ ಪಕ್ಕದಲ್ಲಿ ನಿಂತ ನಿಧಾನಮ್ಮ

ನ್ಯಾಯಾಲಯದ ಆವರಣದಲ್ಲಿ ಆಸ್ತಿ ವ್ಯಾಜ್ಯ ನಡೆಸುವ ವಕೀಲರಿಗೆ ಒಂದು ಬಗೆಯ ಮರ್ಯಾದೆ, ಸರ್ಕಾರಿ ವಕೀಲರಿಗೆ ಮತ್ತೊಂದು ಬಗೆಯ ಮರ್ಯಾದೆ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಆರೋಪಿಯ ಪರ ನಿಲ್ಲುವವರಿಗೆ ಮಾತ್ರ ‘ಕಳ್ಳರ ವಕೀಲರು’ ಎಂಬ ಕುಹಕವೇ ಬಿರುದು. ಆ ಬಿರುದನ್ನು ನಗುನಗುತ್ತಲೇ ಹೊತ್ತು, ಠಾಣೆಯ ಬೆಂಚಿನಿಂದ ಮೇಲ್ಮನವಿಯ ಪೀಠದವರೆಗೆ ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿ, ಈಗ ಕರಿಕೋಟನ್ನು ಕಳಚುತ್ತಿರುವ ನಮ್ಮ ಹಿರಿಯರನ್ನು ಇಡೀ ಕೋರ್ಟು ‘ನಿಧಾನಮ್ಮ’ ಎಂದೇ ಬಲ್ಲದು. ಎದುರಿಗೆ ಕುಳಿತವರು ಅಳಲಿ, ಅರಚಲಿ, ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು “ನಿಧಾನ.” ಹೆಸರಿಟ್ಟವರು ಹಳೆಯ ಬೆಂಚ್ ಕ್ಲಾರ್ಕ್ ಒಬ್ಬರು. ಅದರಲ್ಲಿ ಸ್ವಲ್ಪ ಕುಚೇಷ್ಟೆಯೂ ಇತ್ತು. ಸಾಕ್ಷಿಯನ್ನು ಪ್ರಶ್ನಿಸಲು ಅವರು ಎದ್ದರೆಂದರೆ ಊಟದ ಹೊತ್ತು ತಪ್ಪಿತೆಂದೇ ಲೆಕ್ಕ.

ಅವರು ನಡೆಸಿದ ದೊಡ್ಡ ಮೊಕದ್ದಮೆಗಳನ್ನು ಈ ಅಭಿನಂದನಾ ಗ್ರಂಥದಲ್ಲಿ ಬಲ್ಲವರು ಬಣ್ಣಿಸಿದ್ದಾರೆ. ಈ ಲೇಖನವು ಪತ್ರಿಕೆಯ ಮೂಲೆಯಲ್ಲೂ ಅಚ್ಚಾಗದ ಒಂದು ಮೊಕದ್ದಮೆಯನ್ನು, ಅದರಲ್ಲಿ ಜೀವ ಬಾಯಿಗೆ ಬಂದಂತೆ ಬದುಕಿದ ಒಬ್ಬ ಅಕ್ಕನ ಕಣ್ಣಿನಿಂದ ಹೇಳಲು ಬಯಸುತ್ತದೆ. ತನ್ನ ಕಥೆಯನ್ನು ಬರೆಯಲು ಆಕೆ ಸಂತೋಷದಿಂದ ಒಪ್ಪಿದ್ದಾಳೆ.

ನಿಧಾನಮ್ಮನವರು ಇನ್ನೊಬ್ಬರ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತಿದ್ದ ಕಾಲ ಮುಗಿದು, ಜೆರಾಕ್ಸ್ ಅಂಗಡಿಯ ಮೇಲಿನ ಸ್ವಂತ ಕಚೇರಿಗೆ ಬಂದ ಹೊಸತು. ಆಗ ಈ ಅಕ್ಕ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಬೆಳೆಸಿದವಳು ಅವಳೇ. ಅವನು ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಕಟ್ಟುವ ಕೆಲಸಗಾರ. ಆಳೆತ್ತರ ಮೀರಿ ಬೆಳೆದಿದ್ದರಿಂದ ಡಿಪೋದವರೆಲ್ಲ ಅವನನ್ನು ‘ಏಣಿ’ ಎಂದೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಪೊಲೀಸರು ಬಂದು ಏಣಿಯನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಡಿಪೋದ ಹಿಂದಿನ ಗೋದಾಮಿನಲ್ಲಿ ಕಳ್ಳತನಕ್ಕೆ ಬಂದ ಯಾರೋ ಕಾವಲುಗಾರನಿಗೆ ಕಬ್ಬಿಣದ ಸರಳಿನಿಂದ ಹೊಡೆದು ದವಡೆ ಮುರಿದಿದ್ದರು. ಹೊಡೆದವನು ಬಹಳ ಎತ್ತರದ ಆಳು ಎಂದು ಕಾವಲುಗಾರ ಹೇಳಿದ್ದ.

ಸುದ್ದಿ ತಲುಪಿದಾಗ ಅಕ್ಕನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹೊದಿಕೆಯ ಮೇಲೇ ಉಳಿದು, ಬಟ್ಟೆ ಸುಟ್ಟ ವಾಸನೆಗೆ ಪಕ್ಕದವಳು ಓಡಿಬಂದಳು. ಅಕ್ಕನಿಗೆ ಗೊತ್ತಿದ್ದ ವಕೀಲರು ಒಬ್ಬರೇ, ಅವಳ ಅಪ್ಪನ ಮನೆಪತ್ರ ಮಾಡಿಕೊಟ್ಟಿದ್ದವರು. ಏದುಸಿರು ಬಿಡುತ್ತ ಅವರ ಮುಂದೆ ಹೋಗಿ ನಿಂತಳು.

“ನಾನು ಕ್ರಯಪತ್ರ, ಬಾಡಿಗೆ ಕರಾರು ನೋಡೋನು ಕಣಮ್ಮ,” ಎಂದರು ಆ ಹಿರಿಯರು. “ಹಲ್ಲು ಕೀಳೋ ಡಾಕ್ಟರ ಹತ್ರ ಎದೆನೋವು ಅಂತ ಹೋದ್ರೆ ಆಗುತ್ತಾ? ಕ್ರಿಮಿನಲ್ ಕೇಸು ಮಾಡೋರೇ ಬೇಕು. ನಿಧಾನಮ್ಮ ಅಂತ ಇದ್ದಾರೆ, ಹೋಗು. ದಾರೀಲಿ ಯಾರು ಏನಂದ್ರೂ ನಿಲ್ಲಬೇಡ.”

ಆದರೆ ಅವಳು ನಿಂತಳು. ಕೋರ್ಟಿನ ಗೇಟಿನಲ್ಲೇ ಒಬ್ಬ ದಲ್ಲಾಳಿ ಅವಳ ಮುಖ ನೋಡಿ ಎಲ್ಲವನ್ನೂ ಓದಿಬಿಟ್ಟಿದ್ದ. “ತಮ್ಮನಾ? ಸಂಜೆಯೊಳಗೆ ಮನೇಲಿ ಇರ್ತಾನೆ ಬಿಡಕ್ಕ. ಸಾಹೇಬ್ರು ನಮ್ಮೋರೇ.” ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರಲ್ಲ, ಅವಳು ಅವನ ಹಿಂದೆ ಹೆಜ್ಜೆ ಹಾಕಿಯೂ ಬಿಟ್ಟಳು. ಮೆಟ್ಟಿಲು ಹತ್ತುವಾಗ ಮಾತ್ರ ಮನಸ್ಸಿಗೆ ಏನೋ ಚುಚ್ಚಿತು. ಈ ಮನುಷ್ಯ ತಮ್ಮನ ಹೆಸರು ಕೇಳಿಲ್ಲ, ಯಾವ ಠಾಣೆ ಎಂದು ಕೇಳಿಲ್ಲ, ಏನು ಆರೋಪ ಎಂದೂ ಕೇಳಿಲ್ಲ. ಮತ್ತೆ ಯಾರನ್ನು ಬಿಡಿಸುತ್ತಾನೆ? ಅವಳು ಸರಸರನೆ ಇಳಿದು, ಜೆರಾಕ್ಸ್ ಅಂಗಡಿಯ ದಾರಿ ಹಿಡಿದಳು.

ನಿಧಾನಮ್ಮನವರು ಅವಳಿಗೆ ನೀರು ಕೊಟ್ಟು, ಅವಳು ಕುಡಿಯುವವರೆಗೆ ಕಾದು, ಆಮೇಲೆ ಕೇಳಿದರು. ಈಗ ಎಲ್ಲಿದ್ದಾನೆ? ಯಾವಾಗ ಕರೆದೊಯ್ದರು? ಮೈಮೇಲೆ ಕೈ ಮಾಡಿದ್ದಾರೆಯೇ? ಯಾವುದಕ್ಕಾದರೂ ಸಹಿ ಹಾಕಿಸಿಕೊಂಡಿದ್ದಾರೆಯೇ? ಕೇಳುತ್ತಲೇ ಫೋನು ಎತ್ತಿ, ತಾವು ಬರುವವರೆಗೆ ಹುಡುಗನಿಂದ ಹೇಳಿಕೆ ತೆಗೆದುಕೊಳ್ಳಬೇಡಿ ಎಂದು ಠಾಣೆಗೆ ತಿಳಿಸಿದರು.

“ಅವನು ಏನೂ ಮಾಡಿಲ್ಲ ಮೇಡಂ, ನನ್ನಾಣೆ!”

“ನಿಧಾನ. ಆಣೆ ಬೇಡಮ್ಮ. ಮಾಡಿದಾನೆ ಅಂತ ತೋರಿಸೋದು ಅವರ ತಲೆನೋವು.”

“ಬಿಡಿಸ್ತೀರಾ?”

“ಬಿಡಿಸೇ ಬಿಡ್ತೀನಿ ಅನ್ನೋ ವಕೀಲರನ್ನ ನಂಬಬೇಡ. ನಾನು ಮಾಡೋದು ಇಷ್ಟು. ಈಗ ಠಾಣೆಗೆ ಬರ್ತೀನಿ. ನಾಳೆ ಜಾಮೀನು ಕೇಳ್ತೀನಿ. ಮೊದಲ ಸಲಕ್ಕೇ ಸಿಗದೇ ಇರಬಹುದು. ಆಮೇಲೆ ಅವರು ಹಾಕಿದ ಆರೋಪವನ್ನ ಸಾಲುಸಾಲಾಗಿ ಓದ್ತೀನಿ, ಅವರ ಸಾಕ್ಷಿಗಳನ್ನ ಪ್ರಶ್ನೆ ಮಾಡ್ತೀನಿ. ತೀರ್ಪು ನಮ್ಮ ವಿರುದ್ಧ ಬಂದ್ರೆ ಮೇಲಿನ ಕೋರ್ಟಿಗೆ ಹೋಗೋಣ. ಆ ಕಾವಲುಗಾರರ ಮನೆಗೆ ಮಾತ್ರ ನಾನೂ ಹೋಗಲ್ಲ, ನೀನೂ ಹೋಗಬಾರದು. ಕಾಲು ಹಿಡಿಯೋದಕ್ಕೆ ಹೋದ್ರೂ ಬೆದರಿಸೋಕೆ ಹೋದಳು ಅಂತಾರೆ.”

ಅವರು ಹೇಳಿದಂತೆಯೇ ಜಾಮೀನಿನ ಮೊದಲ ಅರ್ಜಿ ಬಿದ್ದುಹೋಯಿತು. ಎರಡನೆಯದು ಮಂಜೂರಾಗಿ ಏಣಿ ಹೊರಬಂದಾಗ, ಜೈಲಿನ ಚಿಕ್ಕ ಬಾಗಿಲಿಗೆ ತಲೆ ಬಗ್ಗಿಸಿದವನು ಬೀದಿಗೆ ಬಂದರೂ ಬಗ್ಗಿಸಿಯೇ ಇದ್ದ. ಅಲ್ಲಿಂದಾಚೆ ಬೀದಿಯಲ್ಲಿ ಜೀಪಿನ ಸದ್ದಾದರೆ ಅಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಪಕ್ಕದ ಮನೆಯಾಕೆ ಮಾತು ಬಿಡಲಿಲ್ಲ, ಆದರೆ ಬಾಗಿಲು ಹಾಕಿಕೊಂಡೇ ಕಿಟಕಿಯಿಂದ ಮಾತಾಡತೊಡಗಿದಳು.

ವಿಚಾರಣೆ ಆರಂಭವಾಗುವ ಮೊದಲು ಸರ್ಕಾರಿ ವಕೀಲರಿಂದ ಒಂದು ಪ್ರಸ್ತಾಪ ಬಂತು. ಹೊಡೆದದ್ದನ್ನು ಒಪ್ಪಿಕೊಂಡರೆ ಆರೋಪವನ್ನು ಹಗುರಗೊಳಿಸುತ್ತಾರೆ, ಆಗಲೇ ಒಳಗಿದ್ದ ಅವಧಿಯೇ ಶಿಕ್ಷೆಯೆಂದು ಕೇಳುತ್ತಾರೆ. ನಿಧಾನಮ್ಮನವರು ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿಕೊಂಡು, ಒಪ್ಪಿದರೆ ಏನು, ಒಪ್ಪದಿದ್ದರೆ ಏನು ಎಂಬುದನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದರು. “ಒಪ್ಪಿದರೆ ಕೋರ್ಟು ಸಮ್ಮತಿಸಿದ ಕೂಡಲೇ ಮನೆಗೆ, ಕಳಂಕ ಮಾತ್ರ ಜನ್ಮವಿಡೀ ಇರುತ್ತೆ. ನಡೆಸಿ ಸೋತರೆ ವರ್ಷಗಟ್ಟಲೆ ಒಳಗಿರಬೇಕು. ಗೆಲ್ತೀವಿ ಅಂತ ನಾನು ಹೇಳಲಾರೆ.”

“ಒಪ್ಕೋ,” ಎಂದಳು ಅಕ್ಕ ತಕ್ಷಣ.

“ಒಪ್ಕೊಂಡ್ರೆ ಆ ಮನುಷ್ಯನ ದವಡೆ ಮುರಿದೋನು ನಾನೇ ಅಂತ ಆಗುತ್ತಲ್ಲಕ್ಕ,” ಎಂದ ಏಣಿ.

ಅಕ್ಕ ವಕೀಲರ ಕೈ ಹಿಡಿದುಕೊಂಡಳು. “ನೀವು ಹೇಳಿ ಮೇಡಂ, ನೀವು ಹೇಳಿದ್ರೆ ಕೇಳ್ತಾನೆ. ನಿಮ್ಮ ಸ್ವಂತ ತಮ್ಮ ಆಗಿದ್ರೆ ಏನ್ ಮಾಡ್ತಿದ್ರಿ?”

ನಿಧಾನಮ್ಮನವರು ಕೈ ಬಿಡಿಸಿಕೊಳ್ಳಲಿಲ್ಲ. “ನಿನ್ನ ಹಾಗೇ ಗೋಗರೀತಿದ್ದೆ. ಆದರೆ ಆಗಲೂ ತೀರ್ಮಾನ ಅವನದೇ.”

ಆ ಮಾತಿಗೆ ಅಕ್ಕ ಸಿಟ್ಟಿನಿಂದ ಎದ್ದುಹೋದಳು. ಇವರಿಗೇನು, ಒಳಗೆ ಹೋಗುವುದು ಇವರ ಮನೆಯ ಮಗುವೇ ಎಂದುಕೊಂಡು, ಬೇರೆ ವಕೀಲರನ್ನು ಹುಡುಕುತ್ತ ಅಲೆದಳು. ಎಲ್ಲಿಗೆ ಕರೆದರೂ ಏಣಿ ಜೊತೆಗೆ ಬರಲಿಲ್ಲ. “ಅವರು ನನ್ನ ಮಾತು ಕೇಳಿದ್ರು ಅಕ್ಕ,” ಎಂದಷ್ಟೇ ಹೇಳಿ, ಸರ್ಕಾರಿ ವಕೀಲರ ಪ್ರಸ್ತಾಪವನ್ನು ನಿರಾಕರಿಸಿದ.

ಕಾವಲುಗಾರನು ಸಾಕ್ಷಿ ನುಡಿದ ದಿನವನ್ನು ಅಕ್ಕ ಈಗಲೂ ಮರೆತಿಲ್ಲ. ಆತನು ಸೊಟ್ಟಗಾದ ಬಾಯಿಯಿಂದ ಒಂದೊಂದು ಮಾತನ್ನೂ ಎಳೆದೆಳೆದು ಆಡುತ್ತಿದ್ದ. ಹೊಡೆದವನು ಇಲ್ಲಿದ್ದಾನೆಯೇ ಎಂದು ಕೇಳಿದಾಗ ನೇರವಾಗಿ ಏಣಿಯ ಕಡೆ ಬೆರಳು ತೋರಿಸಿದ. ಅದು ಸುಳ್ಳು ಹೇಳುವವನ ಮುಖವಾಗಿರಲಿಲ್ಲ. ಅಕ್ಕನಿಗೆ ಹೆದರಿಕೆಯಾದದ್ದೇ ಅದಕ್ಕೆ. ಒಂದು ಗಳಿಗೆ, ಒಂದೇ ಒಂದು ಗಳಿಗೆ, ‘ನನ್ನ ತಮ್ಮನೇ ಹೊಡೆದಿರಬಹುದೇ?’ ಎಂದು ಅವಳ ಮನಸ್ಸೂ ಅಲ್ಲಾಡಿಹೋಯಿತು.

ನಿಧಾನಮ್ಮನವರು ಎದ್ದರು. ದನಿ ಏರಿಸಲಿಲ್ಲ.

“ನೋವಿದ್ರೆ ಹೇಳಿ, ನಿಲ್ಲಿಸೋಣ. ಮೊದಲ ಏಟು ಬಿದ್ದಿದ್ದು ಎಲ್ಲಿಂದ?”

“ಹಿಂದಿನಿಂದ.”

“ನೀವು ಅವನ ಮುಖ ನೋಡಿದ್ದು ನಿಂತಾಗಲೋ, ಬಿದ್ದ ಮೇಲೋ?”

“ಬಿದ್ದ ಮೇಲೆ. ನೆಲದ ಮೇಲಿದ್ದೆ.”

“ಅಲ್ಲಿಂದ ನೋಡಿದಾಗ ಬಹಳ ಎತ್ತರ ಕಂಡ?”

“ಹೌದು. ಆಕಾಶದಷ್ಟು.”

“ಬಿದ್ದಲ್ಲಿಗೇ ಬಂದು ನಿಮಗೆ ನೀರು ಕುಡಿಸಿದ ಲಾರಿ ಡ್ರೈವರು? ಆಗಲೇ ಇಲ್ಲಿ ಸಾಕ್ಷಿ ಹೇಳಿದ್ರಲ್ಲ, ಅವರು ಹೇಗೆ ಕಂಡ್ರು?”

ಕಾವಲುಗಾರ ಯೋಚಿಸಿದ. “ಅವರೂ... ಎತ್ತರವಾಗೇ ಕಂಡ್ರು.” ಕೋರ್ಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲ ಬಳಿ ನಿಂತಿದ್ದ ಲಾರಿ ಡ್ರೈವರು ಗಿಡ್ಡನೆಯ ಮನುಷ್ಯ. ಯಾರೋ ಕಿಸಕ್ಕೆಂದರು. ನಿಧಾನಮ್ಮನವರು ನಕ್ಕವರತ್ತ ಒಮ್ಮೆ ನೋಡಿದರು. ನಗು ಅಲ್ಲಿಗೇ ಸತ್ತಿತು.

“ಠಾಣೆಯಲ್ಲಿ ಗುರುತು ಹಿಡಿಯೋಕೆ ಎಷ್ಟು ಜನರನ್ನ ತೋರಿಸಿದ್ರು?”

“ಇವನೊಬ್ಬನನ್ನೇ. ಸಿಕ್ಕಿದಾನೆ, ನೋಡಿ ಹೇಳು ಅಂದ್ರು.”

“ಅಷ್ಟೇ,” ಎಂದು ಅವರು ಕುಳಿತರು. ಆ ದಿನ ಯಾರ ಊಟದ ಹೊತ್ತೂ ತಪ್ಪಲಿಲ್ಲ.

ತೀರ್ಪಿನ ಬೆಳಿಗ್ಗೆ ಅಕ್ಕ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತಳು. ನ್ಯಾಯಾಧೀಶರು ಓದುತ್ತಿದ್ದ ಭಾಷೆ ಅವಳಿಗೆ ತಿಳಿಯಲಿಲ್ಲ. ಏಣಿಯ ಭುಜ ಮೆಲ್ಲಗೆ ಮೇಲೆದ್ದುದನ್ನು ನೋಡಿ, ಅವನು ಮತ್ತೆ ನೆಟ್ಟಗೆ ನಿಂತುದನ್ನು ನೋಡಿ ಬಿಡುಗಡೆ ಎಂದು ತಿಳಿದಳು. ಹೊರಗೆ ಬಂದು ಧನ್ಯವಾದ ಹೇಳಲು ತಿರುಗಿದರೆ ನಿಧಾನಮ್ಮನವರು ಪಕ್ಕದಲ್ಲಿರಲಿಲ್ಲ. ಅವರು ಪಡಸಾಲೆಯ ಕೊನೆಯಲ್ಲಿ, ಒಬ್ಬನೇ ಕುಳಿತಿದ್ದ ಕಾವಲುಗಾರನ ಬೆಂಚಿನ ಮೇಲೆ ಕುಳಿತಿದ್ದರು.

“ಹಾಗಾದ್ರೆ ನಾನು ಸುಳ್ಳು ಹೇಳಿದೆ ಅಂತಾನಾ ಅಮ್ಮ?” ಎಂದು ಆತ ಕೇಳುತ್ತಿದ್ದ.

“ಇಲ್ಲ ಯಜಮಾನ್ರೇ. ನಿಮಗೆ ಪೆಟ್ಟು ಬಿದ್ದದ್ದು ನಿಜ. ಹೊಡೆದೋನನ್ನ ಹುಡುಕೋರು ಸರಿಯಾಗಿ ಹುಡುಕಲಿಲ್ಲ. ಪರಿಹಾರಕ್ಕೆ ನೀವು ಅರ್ಜಿ ಹಾಕಬಹುದು. ನಾನು ಆ ಕಡೆಯ ವಕೀಲಳಾಗಿದ್ದೆ, ನಾನು ಹಾಕೋದು ಸರಿಯಲ್ಲ. ಕೆಳಗಿನ ಮಹಡೀಲಿ ಕಾನೂನು ನೆರವಿನ ಕೋಣೆ ಇದೆ, ಬನ್ನಿ ತೋರಿಸ್ತೀನಿ.”

ಅಕ್ಕನಿಗೆ ಮೊದಲು ಮೈ ಉರಿಯಿತು. ತಮ್ಮನ ಬದುಕನ್ನು ಮೂರಾಬಟ್ಟೆ ಮಾಡಿದ ಬೆರಳಲ್ಲವೇ ಅದು? ಆಮೇಲೆ ಆತನು ಏಳಲು ಗೋಡೆ ಹಿಡಿದುಕೊಂಡದ್ದು ಕಂಡಿತು. ಈತನಿಗಾಗಿ ಅಳುತ್ತ ಓಡಾಡಿದ ಅಕ್ಕನೋ ತಂಗಿಯೋ ಈ ಪಡಸಾಲೆಯಲ್ಲಿ ಯಾರೂ ಇಲ್ಲ ಎಂಬುದೂ ಕಂಡಿತು. ಅವಳು ಹೋಗಿ ಆತನ ಇನ್ನೊಂದು ತೋಳಿಗೆ ಕೈ ಕೊಟ್ಟಳು. ಮೂವರೂ ಮೆಟ್ಟಿಲಿಳಿದರು.

ಅಂದಿನಿಂದೀಚೆಗೆ ನಿಧಾನಮ್ಮನವರು ಗೆದ್ದದ್ದೂ ಉಂಟು, ಸೋತದ್ದೂ ಉಂಟು; ಸೋತಾಗ ಜೈಲಿಗೆ ಹೋಗಿ ಕಕ್ಷಿದಾರನ ಮುಖ ನೋಡುವುದನ್ನು ಅವರು ಎಂದೂ ತಪ್ಪಿಸಲಿಲ್ಲ. ಅವರ ಕೈಕೆಳಗೆ ಪಳಗಿದ ನಾವು ಕೆಲವರು ಇಂದು ಅವರ ಕುರ್ಚಿಯನ್ನು ನೋಡಿ ಅಂಜುತ್ತಿದ್ದೇವೆ. ಈ ಹೊತ್ತಿನಲ್ಲೂ ಯಾವುದೋ ಠಾಣೆಯ ಹೊರಗೆ ಯಾರದೋ ಮನೆಯವರು, ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತಿದ್ದಾರೆ. ಅವರು ಇನ್ನು ತಟ್ಟುವುದು ನಮ್ಮ ಕೋಣೆಗಳ ಬಾಗಿಲನ್ನು. ಹಿರಿಯರು ಆರೋಗ್ಯದಿಂದ ನೂರ್ಕಾಲ ಬಾಳಲಿ. ಬೆಳಗಿನ ಹೊತ್ತು ಕಚೇರಿಗೆ ಬಂದು ಕುಳಿತು, ನಾವು ಅವಸರದಲ್ಲಿ ಯಾರಿಗಾದರೂ ಗೆಲುವಿನ ಭರವಸೆ ಕೊಡಲು ಬಾಯಿ ತೆರೆದಾಗ ನಮ್ಮನ್ನು ತಡೆಯುತ್ತಿರಲಿ.