ಬೆರಳಿಗೆ ಕಟ್ಟಿದ ಪಟ್ಟಿ

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಿದ್ದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ನರ್ಸ್ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಈ ಚಾಳಿ ಹೋಗಿಲ್ಲ. ಮೊನ್ನೆ ಔರಾದಿನ ಬಸ್ ನಿಲ್ದಾಣದ ಹಿಂದಿರುವ ಸಣ್ಣ ದವಾಖಾನೆಗೆ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗಿದ್ದೆ. ಜೀವಮಾನವಿಡೀ ಊರ ಮಂದಿಗೆ ಸೂಜಿ ಚುಚ್ಚಿದವಳು ನಾನು. ನನ್ನ ಸರದಿ ಬಂದಾಗ ಮಾತ್ರ ಮುಖ ಗೋಡೆಯ ಕಡೆಗೆ. ಗೋಡೆಯ ಮೇಲೆ ಬೀಜದ ಅಂಗಡಿಯವರ ಕ್ಯಾಲೆಂಡರು, ಅದರಲ್ಲಿ ಸೋಯಾಬೀನ್ ಹೊಲದ ಚಿತ್ರ. ನಾನು ನೋಡಿದಷ್ಟು ಭಕ್ತಿಯಿಂದ ಅದನ್ನು ಯಾವ ರೈತನೂ ನೋಡಿರಲಿಕ್ಕಿಲ್ಲ.

ರಕ್ತ ತೆಗೆದ ನರ್ಸ್ ಹುಡುಗಿಯ ಕೈ ಹಗುರ. ಚುಚ್ಚಿದ್ದೇ ತಿಳಿಯಲಿಲ್ಲ.

"ಆಯ್ತ್ರಿ ಆಯಿ, ಹತ್ತಿ ಒತ್ತಿ ಹಿಡ್ಕೋರಿ," ಅಂದಳು.

ಧೈರ್ಯ ಮಾಡಿ ಈ ಕಡೆ ತಿರುಗಿದೆ. ಅವಳು ಎಡಗೈಯಲ್ಲಿ ಸೂಜಿಯ ಮುಚ್ಚಳ ಹಿಡಿದು, ಬಲಗೈಯ ಸೂಜಿಯನ್ನು ಅದರೊಳಗೆ ತೂರಿಸುತ್ತಿದ್ದಳು. ಹೊರಗಿನಿಂದ ಯಾರೋ ಅವಳನ್ನು ಕೂಗಿದರು. ಕೈ ಅಲುಗಿತು. ಸೂಜಿ ಮುಚ್ಚಳ ತಪ್ಪಿ ಅವಳ ಬೆರಳಿಗೇ ಹೋಯಿತು. ಎಡಗೈ ಮುಷ್ಟಿಯಾಯಿತು, ಮುಷ್ಟಿ ಬಿಳಿ ಕೋಟಿನ ಕಿಸೆ ಸೇರಿತು.

"ಏನಾಯ್ತವ್ವಾ?"

"ಏನಿಲ್ರಿ ಆಯಿ. ರಿಪೋರ್ಟ್ ಸಂಜೀಕ ಸಿಗ್ತದ," ಎಂದು ನಕ್ಕಳು. ಆಮೇಲೆ ಬೆನ್ನು ತಿರುಗಿಸಿ, ಒಂದೇ ಕೈಯಿಂದ ಶೀಷೆಗೆ ನನ್ನ ಹೆಸರಿನ ಚೀಟಿ ಅಂಟಿಸತೊಡಗಿದಳು.

ಆ ಮುಷ್ಟಿ ನನಗೆ ಗೊತ್ತು. ಆ ನಗೆಯೂ ಗೊತ್ತು. ಅವಳು ಚೀಟಿ ಅಂಟಿಸುವಷ್ಟರಲ್ಲಿ ನನ್ನ ಮನಸ್ಸು ಬೀದರಿಗೆ ಹೋಗಿ ಬಂತು. ನೀವೂ ಜೊತೆಗೆ ಬನ್ನಿ, ದಾರಿ ದೂರವಿಲ್ಲ.

ಬೀದರಿನ ಒಂದು ಖಾಸಗಿ ದವಾಖಾನೆಯಲ್ಲಿ ನಾನು ನೌಕರಿಗಿದ್ದೆ. ಹೆಸರು ಬೇಡ ಬಿಡಿ. ನನ್ನ ತವರು ಭಾಲ್ಕಿ. ದಿನಾ ಓಡಾಡುವುದು ಆಗದೆ, ಠಾಣಾ ಕುಶನೂರಿನ ಸುಮಿತ್ರಾ ಎಂಬ ನರ್ಸಿನ ಜೊತೆ ಒಂದು ಖೋಲಿ ಬಾಡಿಗೆ ಹಿಡಿದಿದ್ದೆ. ನನಗಿಂತ ಎರಡು ವರ್ಷ ದೊಡ್ಡವಳು. ನಾನು ಅಕ್ಕಾ ಎನ್ನುತ್ತಿದ್ದೆ. ಬೆಳಗಾದರೆ ಅವಳು ಕಿಟಕಿಯಲ್ಲಿಟ್ಟ ಬುದ್ಧನ ಮುಂದೆ ಮೇಣದಬತ್ತಿ ಹಚ್ಚುವಳು, ನಾನು ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂಡುವೆ. ಧರ್ಮದ ವಿಷಯಕ್ಕೆ ನಾವು ಒಂದು ದಿನವೂ ಜಗಳಾಡಲಿಲ್ಲ. ಬಚ್ಚಲಿಗೆ ಮೊದಲು ಯಾರು ಹೋಗಬೇಕೆಂಬುದಕ್ಕೆ ದಿನಾ ಆಡಿದೆವು.

ದವಾಖಾನೆಯಲ್ಲಿ ಎರಡು ವಾರ್ಡಿಗೆ ಒಬ್ಬ ನರ್ಸ್. ಕೈಗವಸು ಇರಲಿಲ್ಲ ಎಂದರೆ ಸುಳ್ಳಾದೀತು; ಇದ್ದವು, ಬೀಗ ಹಾಕಿದ ಕಪಾಟಿನಲ್ಲಿ. ದೊಡ್ಡವರು ಯಾರಾದರೂ ನೋಡಲು ಬರುವ ದಿನ ಮದುವೆಯ ಸೀರೆಯಂತೆ ಹೊರಗೆ ಬರುತ್ತಿದ್ದವು. ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ ಬೇಕಲ್ಲ, ಅದು ಇರಲೇ ಇಲ್ಲ. ಎಲ್ಲವೂ ಕಸದ ಚೀಲಕ್ಕೆ. ಆ ಚೀಲ ಹೊರುವವಳು ಆಯಾ ರುಕ್ಮಿಣಿಬಾಯಿ, ಬರಿಗೈಯಲ್ಲಿ, ಸವೆದ ಚಪ್ಪಲಿಯಲ್ಲಿ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು ಎಂದು ನಮಗೆಲ್ಲ ಕಲಿಸಿದ್ದರು. ಆದರೆ ಹಾಗೆ ಕಲಿಸಿದ ಕಡೆ ಡಬ್ಬಿ ಇತ್ತು. ಇಲ್ಲಿ ಮುಚ್ಚದೆ ಬಿಟ್ಟರೆ ಅದು ಹೋಗುವುದು ರುಕ್ಮಿಣಿಬಾಯಿಯ ಕೈಗೆ. ಹಾಗಾಗಿ ನಾವೆಲ್ಲ, ಕಲಿತದ್ದನ್ನು ಬದಿಗಿಟ್ಟು, ಸೂಜಿಗೆ ಟೋಪಿ ಹಾಕುತ್ತಿದ್ದೆವು. ಅದಕ್ಕೆ ನಾವಿಟ್ಟ ಹೆಸರೇ ಅದು. "ಏ, ಟೋಪಿ ಹಾಕು, ಬಾಯಿ ಪಾಪ ಕೈ ಹಾಕ್ತಾಳ," ಎಂದು ಸುಮಿತ್ರಾ ಹೊಸಬರಿಗೆ ಕೂಗಿ ಹೇಳುತ್ತಿದ್ದಳು. ಒಬ್ಬರ ಕೈ ಉಳಿಸಲು ಹೋಗಿ ನಮ್ಮ ಕೈ ಚುಚ್ಚಿಸಿಕೊಳ್ಳುತ್ತಿದ್ದೆವು. ಚುಚ್ಚಿದರೆ ನಳದ ಕೆಳಗೆ ಬೆರಳು ತೊಳೆದು ಮುಷ್ಟಿ ಕಟ್ಟುವುದು, ಯಾರಿಗೂ ಹೇಳದಿರುವುದು. ಹೇಳಿದರೆ "ನಿಷ್ಕಾಳಜಿ" ಎಂಬ ಮಾತು, ಅದರ ಹಿಂದೆಯೇ ಮನೆಯ ದಾರಿ. ನಾನೂ ಮುಷ್ಟಿ ಕಟ್ಟಿದವಳೇ.

ಸುಮಿತ್ರಾ ಕಟ್ಟಲಿಲ್ಲ. ಒಂದು ದಿನ ಕಣ್ಣು ಹಳದಿಯಾಗಿ ಕಾಮಣಿಯಾದ ರೋಗಿಯೊಬ್ಬನ ರಕ್ತ ತೆಗೆದು, ಟೋಪಿ ಹಾಕುವಾಗ ಸೂಜಿ ಅವಳ ಬೆರಳಿಗೆ ಆಳವಾಗಿ ಹೋಯಿತು. ಅದು ರಕ್ತದಿಂದ ಹರಡುವ, ಪಿತ್ತಜನಕಾಂಗ ತಿನ್ನುವ ಕಾಮಣಿ. ಅದಕ್ಕೆ ಲಸಿಕೆ ಇದೆ, ಮೂರು ಸಲ ಹಾಕಿಸಿಕೊಳ್ಳಬೇಕು; ನಮ್ಮಲ್ಲಿ ಯಾರಿಗೂ ಹಾಕಿಸಿರಲಿಲ್ಲ. ಚುಚ್ಚಿದ ಕೂಡಲೇ ಕೊಡುವ ಮದ್ದೂ ಇದೆ. ಸುಮಿತ್ರಾ ನೇರ ಮೇಟ್ರನ್ ಮೇಡಂ ಹತ್ತಿರ ಹೋಗಿ ಅದನ್ನು ಕೇಳಿದಳು. ಮೇಡಂ ಮ್ಯಾನೇಜರ್ ಸಾಹೇಬರಿಗೆ ತಿಳಿಸಿದರು. ಸಾಹೇಬರು ಮದ್ದು ತರಿಸಲಿಲ್ಲ, ನಿಯಮ ತಂದರು: ಮೂರೂ ಲಸಿಕೆ ಆಗಿದೆ ಎಂಬ ಸರ್ಟಿಫಿಕೇಟ್ ಇಲ್ಲದವರು ಇನ್ನು ಮೇಲೆ ರೋಗಿಗಳನ್ನು ಮುಟ್ಟುವಂತಿಲ್ಲ. ಲಸಿಕೆ ಅವರವರೇ ಹಾಕಿಸಿಕೊಳ್ಳಬೇಕು. ಈ ನಿಯಮ ಮೊದಲು ತಗುಲಿದ್ದು ಸುಮಿತ್ರಾಳಿಗೆ. ಉಳಿದವರಿಗೆ ಗಡುವು ಕೊಟ್ಟು, ಅವಳನ್ನು ಅವತ್ತೇ ಮನೆಗೆ ಕಳಿಸಿದರು.

ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಲಸಿಕೆ ಬೇಡ ಎಂದು ನಾವು ಯಾರೂ ಹೇಳಿರಲಿಲ್ಲ. ಬೇಕು, ನೀವು ಕೊಡಿಸಿ ಎಂದೇ ನಮ್ಮ ತಕರಾರು. ರೋಗದ ನಡುವೆ ನಿಲ್ಲಿಸಿ, ಕೊಡೆ ನೀವೇ ತಂದುಕೊಳ್ಳಿ, ತರದಿದ್ದರೆ ಮನೆಗೆ ನಡೆಯಿರಿ ಎಂದರೆ ಹೇಗೆ?

ನಾವು ಕೆಲಸ ನಿಲ್ಲಿಸಿ ಗೇಟಿನ ಹೊರಗೆ ಕುಳಿತೆವು. ಸಾಹೇಬರು ಬಂದು ಬಸವಣ್ಣನವರ ನಾಡಿನಲ್ಲಿ ಹುಟ್ಟಿ ಕಾಯಕ ಬಿಟ್ಟು ಕೂಡುತ್ತೀರಲ್ಲ ಎಂದು ಉಪದೇಶ ಮಾಡಿದರು. ಸುಮಿತ್ರಾ ಎದ್ದು ನಿಂತಳು.

"ಕಾಯಕದ ಜೋಡಿ ದಾಸೋಹನೂ ಅದಲ್ರಿ ಸಾಹೇಬ್ರ. ಕಾಯಕ ಬರೇ ನಮ್ಮ ಪಾಲಿಗೆ, ದಾಸೋಹ ಯಾರ ಪಾಲಿಗೂ ಇಲ್ಲ, ಇದ್ಯಾವ ಲೆಕ್ಕರಿ?"

ಶರಣರ ಮನೆತನದವಳು ನಾನು. ನನಗೆ ಹೊಳೆಯದ ಮಾತು ಅವಳಿಗೆ ಹೊಳೆದಿತ್ತು. ಆದರೆ ಮಾತಿನಿಂದ ಮುಷ್ಕರ ಗೆಲ್ಲುವುದಿಲ್ಲ. ಸಾಹೇಬರು ನರ್ಸಿಂಗ್ ಕಲಿಯುತ್ತಿರುವ ಹುಡುಗಿಯರನ್ನು ಕರೆಸಿ ವಾರ್ಡ್ ನಡೆಸಿದರು. ಒಳಗಿನಿಂದ ರೋಗಿಗಳ ಮನೆಯವರು ಬಂದು ನಮ್ಮನ್ನೇ ಬೈದರು. ಒಬ್ಬ ಮುದುಕಿ ನನ್ನ ಸೆರಗು ಹಿಡಿದು, "ನನ್ನ ಮಗನ ಸಲೈನ್ ಮುಗಿದು ಎಷ್ಟೊತ್ತಾಯ್ತು, ಬಾರವ್ವಾ," ಎಂದು ಅತ್ತಳು. ನಾನು ಎದ್ದುಬಿಟ್ಟೆ. ನನ್ನ ಹಿಂದೆ ಇನ್ನೂ ಮೂವರು ಎದ್ದರು. ಮುಷ್ಕರ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಸಂಜೆ ಖೋಲಿಯಲ್ಲಿ ಸುಮಿತ್ರಾ ಎಲ್ಲರನ್ನೂ ಕೂಡಿಸಿ ಚಹಾ ಮಾಡಿದಳು. "ಹೊರಗ ಕೂತ್ರ ಬಡವರಿಗೆ ತ್ರಾಸ. ಒಳಗ ಹೋಗ್ರಿ," ಅಂದಳು. "ಆದ್ರ ಒಂದು ಮಾತು. ಯಾರ್ಯಾರಿಗೆ ಸೂಜಿ ಚುಚ್ಚೇದ, ಅವರು ಬೆರಳಿಗೆ ಪಟ್ಟಿ ಕಟ್ಕೊಂಡು ಹೋಗ್ರಿ. ಕೇಳಿದವರಿಗೆ ಖರೇ ಹೇಳ್ರಿ. ಬಚ್ಚಿಡಬ್ಯಾಡ್ರಿ."

"ಎಲ್ಲರನ್ನೂ ತೆಗೆದುಹಾಕಿದ್ರ?" ಎಂದಳೊಬ್ಬಳು.

"ಒಬ್ಬಾಕಿ ಕಟ್ಟಿದ್ರ ತೆಗೀತಾರ. ಎಲ್ಲರೂ ಕಟ್ಟಿದ್ರ ಯಾರನ್ನ ತೆಗೀತಾರ?"

ನಾನು ಮೂರೋ ನಾಲ್ಕೋ ಜನ ಕಟ್ಟಿಯಾರು ಎಂದು ಎಣಿಸಿದ್ದೆ. ಮರುದಿನ ಬೆಳಿಗ್ಗೆ ಬೆರಳಿಗೆ ಗಾಜ್ ಬಟ್ಟೆ ಸುತ್ತಿಕೊಂಡು ಒಳಗೆ ಹೋದೆ. ಇಂಜೆಕ್ಷನ್ ಕೋಣೆಯಲ್ಲಿದ್ದವಳ ಬೆರಳಿಗೆ ಪಟ್ಟಿ. ಹೆರಿಗೆ ವಾರ್ಡಿನವಳಿಗೆ ಎರಡು ಬೆರಳಿಗೆ. ಯಾವಾಗಲೂ ನನ್ನ ಕೈ ಎಷ್ಟು ಸ್ಥಿರ ನೋಡಿ ಎಂದು ಜಂಬ ಪಡುವವಳೊಬ್ಬಳಿದ್ದಳು, ಅವಳಿಗೂ ಒಂದು. ರೋಗಿಯ ಜೊತೆಗಿದ್ದ ಭಾಲ್ಕಿ ಕಡೆಯ ಹೆಂಗಸು ನಮ್ಮನ್ನೆಲ್ಲ ನೋಡಿ, "ಏನ್ರಿ ಬಾಯಿ, ಎಲ್ಲರೂ ಕೂಡಿ ಕಾಯಿಪಲ್ಲೆ ಹೆಚ್ಚಲಾಕ ಹೋಗಿದ್ರೇನು?" ಎಂದು ನಕ್ಕಳು. ನಾನು ಖರೇ ಹೇಳಿದೆ. ಅವಳ ನಗೆ ನಿಂತುಹೋಯಿತು. ತಮ್ಮನ್ನು ಮುಟ್ಟುವ ಕೈಗಳು ಎಂಥ ಕೈಗಳು ಎಂದು ಮೊದಲ ಸಲ ನೋಡಿದಂತೆ ನೋಡಿದಳು. ಮಾತು ಮಂಚದಿಂದ ಮಂಚಕ್ಕೆ ಹೋಯಿತು.

ಹನ್ನೊಂದರ ಸುಮಾರಿಗೆ ಮೇಟ್ರನ್ ಮೇಡಂ ಸುತ್ತು ಹಾಕಲು ಬಂದರು. ನಾವು ಗೋಡೆಗೆ ಸರಿದು ನಿಂತೆವು. ಅವರು ನಮ್ಮ ಕಡೆ ನೋಡಲಿಲ್ಲ. ಪಟ್ಟಿ ಕಟ್ಟಿದ ಬೆರಳಿನಿಂದ ರೋಗಿಯೊಬ್ಬನ ನಾಡಿ ಹಿಡಿದರು. ಅಷ್ಟೇ. ಕೊನೆಗೆ ಬಂದವಳು ರುಕ್ಮಿಣಿಬಾಯಿ, ಕಸದ ಚೀಲ ಹೊತ್ತು, ಕುಂಟುತ್ತ. ಅವಳ ಪಟ್ಟಿ ಅಂಗಾಲಿಗಿತ್ತು. ಅಂಗೈಗೂ ಇತ್ತು. ನಾವು ಅಷ್ಟು ಟೋಪಿ ಹಾಕಿದ್ದೂ ಅವಳನ್ನು ಉಳಿಸಿರಲಿಲ್ಲ. ನಾನು ಕಪಾಟಿನ ಮರೆಗೆ ಹೋಗಿ ಅತ್ತೆ.

ರೋಗಿಗಳ ಮನೆಯವರು ಸಾಹೇಬರ ಕೋಣೆಯ ಮುಂದೆ ನಿಂತ ಮೇಲೆ ಎಲ್ಲವೂ ಬೇಗ ಆಯಿತು. ಗಟ್ಟಿ ಡಬ್ಬಿ ಬಂತು, ಕಪಾಟಿನ ಬೀಗ ತೆರೆಯಿತು, ವಾರದೊಳಗೆ ಬರ್ಫದ ಪೆಟ್ಟಿಗೆಯಲ್ಲಿ ಲಸಿಕೆಯೂ ಬಂತು. ಸುಮಿತ್ರಾಳನ್ನು ಕರೆಸಿದರು. ಡಾಕ್ಟರು ಲಸಿಕೆಗೆ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿ, ಮತ್ತೆ ಕೆಲ ವಾರ ಕಾದು ಇನ್ನೊಮ್ಮೆ ಮಾಡಿಸಿದರು. ರೋಗ ಆಗಲೇ ಹೊಕ್ಕಿತ್ತು. ಲಸಿಕೆಯಿಂದ ಅವಳಿಗೆ ಇನ್ನು ಉಪಯೋಗವಿಲ್ಲ.

ಸುಮಿತ್ರಾ ಮೇಲಕ್ಕೆ ಸರಿಸಿದ್ದ ತೋಳನ್ನು ಇಳಿಸಿಕೊಂಡಳು. ಆಮೇಲೆ ಕೇಳಿದಳು, "ರುಕ್ಮಿಣಿಬಾಯಿಗೆ ಹಾಕೀರೇನ್ರಿ?"

ಹಾಕಿರಲಿಲ್ಲ. ತರಿಸಿದ್ದು ನರ್ಸ್‌ಗಳಿಗೆ ಮಾತ್ರ.

"ಹಂಗಾದ್ರ ನನ್ನ ಪಾಲಿಂದು ಆಕಿಗೆ ಹಾಕ್ರಿ. ಆಕಿ ರಕ್ತ ಚಲೋ ಅದ ಅಂತ ನೋಡಿ ಹಾಕ್ರಿ."

ಹಾಕಿದರು. ತಾನು ಎಲ್ಲರನ್ನೂ ಎಬ್ಬಿಸಿ ತರಿಸಿದ ಲಸಿಕೆ ಸುಮಿತ್ರಾಳ ತೋಳಿಗೆ ಬೀಳಲೇ ಇಲ್ಲ. ಮುಂದೆ ಅವಳಿಗೆ ಸೂಜಿಯ ಕೆಲಸ ಕೊಡಲಿಲ್ಲ, ಹೆಸರು ಬರೆಯುವ ಕಿಟಕಿಯಲ್ಲಿ ಕೂಡಿಸಿದರು. ಕೆಲವು ವರ್ಷಕ್ಕೆ ಅದನ್ನೂ ಬಿಟ್ಟು ಊರಿಗೆ ಹೋದಳು. ನಾನು ಮದುವೆಯಾಗಿ ಔರಾದಿಗೆ ಬಂದ ಮೇಲೆ ಬಸ್ಸು ಹತ್ತಿದರೆ ಅವಳ ಊರು, ಹೋಗಿ ಬರುತ್ತಿದ್ದೆ. ಕೊರೋನಾ ಬಂದು, ಲಸಿಕೆಯ ಸಾಲಿನಲ್ಲಿ ನರ್ಸ್‌ಗಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದಾಗ ಫೋನ್ ಮಾಡಿ ನಕ್ಕಿದ್ದಳು: "ಈ ಸಲ ಕೇಳದೇ ಕೊಟ್ಟಾರ ನೋಡು ತಂಗಿ. ಮಂದಿಗೆ ಅಂಜಿಕಿ ಬಂದಾಗ ನಮ್ಮ ನೆನಪಾಗ್ತದ." ಹೋದ ಮಳೆಗಾಲ ಅವಳು ತೀರಿಕೊಂಡಳು. ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು.

ಔರಾದಿನ ಹುಡುಗಿ ಚೀಟಿ ಅಂಟಿಸಿ ಮುಗಿಸಿದ್ದಳು. ನಾನು ಇನ್ನೂ ಕುಳಿತೇ ಇದ್ದೆ.

"ಕೈ ತೋರಿಸವ್ವಾ," ಅಂದೆ.

"ಏನಿಲ್ರಿ ಆಯಿ…"

"ನಾನೂ ನರ್ಸ್ ಇದ್ದಾಕಿ. ಮುಷ್ಟಿ ಬಿಚ್ಚು."

ಬಿಚ್ಚಿದಳು. ಕೆಂಪು ಚುಕ್ಕೆ. ನಳದ ಕೆಳಗೆ ಹಿಡಿಸಿ ಸಾಬೂನಿನಿಂದ ತೊಳೆಸಿದೆ. ಕಾಮಣಿ ಲಸಿಕೆ ಆಗಿದೆಯೇ ಎಂದು ಕೇಳಿದೆ.

"ಒಂದೇ ಆಗ್ಯದ್ರಿ. ಉಳಿದದ್ದು ನೀವೇ ಹಾಕಿಸ್ಕೋರಿ ಅಂದಾರ. ಡಾಕ್ಟರ್‌ಗೆ ಹೇಳಬ್ಯಾಡ್ರಿ ಆಯಿ, ನಾ ಬಂದು ಭಾಳ ದಿನಾ ಆಗಿಲ್ಲ."

ಎಷ್ಟು ವರ್ಷ, ಅದೇ ಮಾತು. "ನನ್ನ ರಕ್ತ ನಿನ್ನ ಮೈಯಾಗ ಹೋಗ್ಯದ. ಅದರಾಗ ಏನದ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇನ್ನೊಂದು ಶೀಷೆ ತೆಗಿ, ತಪಾಸಣಿ ಮಾಡಿಸೋಣ," ಎಂದು ಇನ್ನೊಂದು ತೋಳು ಚಾಚಿದೆ. ಈ ಸಲ ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಸೂಜಿ ಒಳಗೆ ಹೋಗಿ ಹೊರಗೆ ಬರುವವರೆಗೂ ಅವಳ ಕೈಯನ್ನೇ ನೋಡಿದೆ. ಮುಚ್ಚಳದ ಕಡೆ ಹೋದ ಕೈಯನ್ನು ತಡೆದೆ. ಮೇಜಿನ ಮೇಲಿದ್ದ ಗಟ್ಟಿ ಡಬ್ಬಿಯೊಂದನ್ನು ಖಾಲಿ ಮಾಡಿ ಮುಂದೆ ಹಿಡಿದೆ. ಸೂಜಿ ಅದರೊಳಗೆ ಬಿತ್ತು.

ಗಾಜ್ ಬಟ್ಟೆ ತೆಗೆದುಕೊಂಡು ಅವಳ ಬೆರಳಿಗೆ ಪಟ್ಟಿ ಕಟ್ಟಿದೆ. ಆಮೇಲೆ ನನ್ನ ಬೆರಳು ಮುಂದೆ ಮಾಡಿದೆ.

"ನಿಮಗ್ಯಾಕ್ರಿ ಆಯಿ? ನಿಮಗೇನೂ ಚುಚ್ಚಿಲ್ಲಲ್ರಿ?"

"ಚುಚ್ಚೇದ ತಂಗಿ. ಭಾಳ ವರ್ಷಾಯ್ತು. ಕಟ್ಟು."

ಅವಳು ನನ್ನ ಮುಖ ನೋಡಿದಳು. ಮತ್ತೇನೂ ಕೇಳದೆ ಕಟ್ಟಿದಳು. ಇಬ್ಬರೂ ಎದ್ದು ಡಾಕ್ಟರ ಕೋಣೆಯ ತನಕ ಹೋದೆವು. ಬಾಗಿಲ ಮುಂದೆ ಅವಳ ಕೈ ಮತ್ತೆ ಕಿಸೆಯ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಆಮೇಲೆ ಪಟ್ಟಿ ಕಟ್ಟಿದ ಆ ಬೆರಳಿನಿಂದ ಅವಳೇ ಬಾಗಿಲು ತಟ್ಟಿದಳು.