ಅಂಗಡಿಗೆ ಬರುತ್ತಿದ್ದ ಅವ್ವನ ಸುದ್ದಿ

ಅವ್ವನನ್ನು ಕಲಬುರಗಿಯ ದೊಡ್ಡ ಆಸ್ಪತ್ರೆಯ ಐಸಿಯುಗೆ ಸೇರಿಸುವಾಗ ಅಪ್ಪ, ರೂಢಿಯಂತೆ, ವಾಡಿಯ ನಮ್ಮ ಓಣಿಯ ಕಿರಾಣಿ ಅಂಗಡಿಯ ನಂಬರ್ ಬರೆಸಿಬಿಟ್ಟಿದ್ದ. ನಮ್ಮ ಮನೆಯ ಫೋನೆಲ್ಲ ಮೊದಲಿನಿಂದ ಬರುತ್ತಿದ್ದದ್ದು ಅಲ್ಲಿಗೇ. ಐಸಿಯು ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ರೋಗಿ ಹೇಗಿದ್ದಾರೆಂದು ನರ್ಸ್ ದಿನಾ ಬೆಳಿಗ್ಗೆ ಬರೆಸಿದ ನಂಬರಿಗೆ ಮಾತ್ರ ಫೋನ್ ಮಾಡಿ ಹೇಳುತ್ತಿದ್ದರು. ಹಾಗಾಗಿ ಬಾಗಿಲ ಹೊರಗೇ ಕುಳಿತಿದ್ದ ನನಗೆ ಅವ್ವನ ಸುದ್ದಿ ವಾಡಿಯಿಂದ ಬರುತ್ತಿತ್ತು.

"ನಿಮ್ಮವ್ವಗ ಜ್ವರ ಇಳದಾವಂತ, ಅಂಜಬ್ಯಾಡ" ಎಂದು ಅಂಗಡಿ ಕಾಕಾ ನನ್ನ ಮೊಬೈಲಿಗೆ ಫೋನ್ ಮಾಡಿ ಹೇಳುವಷ್ಟರಲ್ಲಿ ಇಡೀ ಓಣಿಗೆ ಗೊತ್ತಾಗಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಂಬರ್ ಬದಲಾಯಿಸಲೇಬೇಕೆಂದು ಒಂದು ದಿನ ಎದ್ದು ನಿಂತೆ. ಅಷ್ಟರಲ್ಲಿ ಪಕ್ಕದ ಮನೆಯ ಚಿಗವ್ವ ರೈಲಿಳಿದು ಡಬ್ಬಿ ಹಿಡಿದುಕೊಂಡು ಬಂದಳು.

"ಇವತ್ತಿನಿಂದ ಗಂಜಿ ಕೊಡಬಹುದು ಅಂದಾರಂತ. ಜೋಳದ ಗಂಜಿ ತಂದೀನಿ."

ನನಗಿನ್ನೂ ಅದು ಗೊತ್ತೇ ಇರಲಿಲ್ಲ. ಡಬ್ಬಿ ಇಸಿದುಕೊಂಡು ಮತ್ತೆ ಕುಳಿತೆ. ನಂಬರ್ ಹಾಗೇ ಉಳಿಯಿತು. ಗಂಜಿ ದಿನಾ ಬಂತು, ಒಂದೊಂದು ದಿನ ಒಂದೊಂದು ಮನೆಯದು.

ಅವ್ವ ಊರಿಗೆ ಮರಳಿದಾಗ ಹೇಗಿದ್ದೀ ಎಂದು ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ. ಕಾಕಾ ಮಾತ್ರ ಅಂಗಡಿಯಿಂದಲೇ ಗದರಿದ:

"ವೈನಿ, ನಿನ್ನಿ ಗಂಜಿ ಅರ್ಧಾ ಯಾಕ ಬಿಟ್ರಿ?"