ಸೊಪ್ಪಿನ ಬುಟ್ಟಿಯೊಡನೆ ಕೋಡಿಬಾಗಕ್ಕೆ

ಅಂಕೋಲೆಯಿಂದ ಬೆಳಗಿನ ಬಸ್ಸಿಗೆ ಹೊರಟೆವು. ನಾನು, ಸೋದರತ್ತೆ ಗೌರತ್ತೆ ಮತ್ತು ಅವಳ ಹರಿವೆ ಸೊಪ್ಪಿನ ಬುಟ್ಟಿ. ಅತ್ತೆ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಕೂತಳು. ನನಗೂ ಬುಟ್ಟಿಗೂ ಟಿಕೆಟ್ ಬಿತ್ತು. ಬುಟ್ಟಿಗೇಕೆ ಎಂದು ಕಂಡಕ್ಟರನೊಡನೆ ವಾದಿಸಿ ಸೋತೆ.

ಕೋಡಿಬಾಗದ ಶೇವಂತಿಬಾಯಿ ಅತ್ತೆಯ ಹಳೇ ಗೆಳತಿ. ಇವಳು ಸೊಪ್ಪು ಕೊಡುವುದು, ಅವರು ಒಣ ಬಾಂಗಡೆ ಮೀನು ಕೊಡುವುದು. ಅದಕ್ಕೊಂದು ಪದ್ಧತಿಯಿತ್ತು: ಅತ್ತೆ ಕೊಂಕಣಿಯಲ್ಲೇ ಚೌಕಾಸಿ ಮಾಡಬೇಕು, ಶೇವಂತಿಬಾಯಿ ಕನ್ನಡದಲ್ಲೇ. ಎದುರಿನವಳ ಮನೆಮಾತಿನಲ್ಲಿ ಆಡಿದರೆ ಜಗಳ ಹತ್ತುವುದಿಲ್ಲವಂತೆ. ಈ ಮಳೆಗಾಲದಲ್ಲಿ ಶೇವಂತಿಬಾಯಿಗೆ ಲಕ್ವಾ ಹೊಡೆದು ಮಾತು ನಿಂತುಹೋಗಿತ್ತು.

"ಶೇವಂತಿಗೆ ನನ್ ಗುರ್ತು ಸಿಕ್ತದ್ಯೋ ಇಲ್ವೋ ತಮಾ," ಎಂದು ಅತ್ತೆ ದಾರಿಯುದ್ದಕ್ಕೂ ಕೇಳಿದಳು. ನನಗೇನು ಗೊತ್ತು!

ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಹರಟುತ್ತಿದ್ದರು. ನಮ್ಮ ಕಡೆ ಎರಡು ಭಾಷೆಗೂ ಅದೇ ಎಳೆತ, ಅದೇ ಏರಿಳಿತ. ಕನ್ನಡವೋ ಕೊಂಕಣಿಯೋ ಎಂದು ಕಿವಿಗೊಟ್ಟರೆ ಕೇಳಿದ್ದು ಬಟಾಟೆ ಎಂಬ ಒಂದೇ ಮಾತು; ಅದು ಎರಡರಲ್ಲೂ ಬಟಾಟೆಯೇ. ಕಾರವಾರ ಬರುವವರೆಗೂ ನನಗೆ ಬಗೆಹರಿಯಲಿಲ್ಲ.

ಕಾರವಾರದಲ್ಲಿ ಬಿಸಿಲು ಚುರುಕಾಗಿತ್ತು. ರಿಕ್ಷಾ ಹಿಡಿದು ಕೋಡಿಬಾಗ ಮುಟ್ಟಿದೆವು. ಶೇವಂತಿಬಾಯಿ ಕಾಳಿ ನದಿಯ ಕಡೆಯ ಕಿಟಕಿಯತ್ತ ಮುಖ ಮಾಡಿ ಕೂತಿದ್ದರು. ಮಗಳು ಸುನೀತಾ "ಆಯೀ" ಎಂದು ಕರೆದು, ಯಾರು ಬಂದಿದ್ದಾರೆ ನೋಡೆಂದು ಕೊಂಕಣಿಯಲ್ಲಿ ಕೂಗಿದಳು. ಅವರು ತಿರುಗಲಿಲ್ಲ.

"ಹಿಂಗೇಯಾ. ನಾವ್ ಎಷ್ಟ್ ಕರೆದ್ರೂ ಒಂದ್ ಮಾತಿಲ್ಲ," ಎಂದು ಸುನೀತಾ ನಮಗೆ ಕನ್ನಡದಲ್ಲಿ ಹೇಳಿದಳು.

ಅತ್ತೆ "ಶೇವಂತೀ" ಎಂದಳು. ಏನೂ ಇಲ್ಲ. ಅತ್ತೆ ನೆಲದ ಮೇಲೆ ಕೂತು ಬುಟ್ಟಿಯಿಂದ ಸೊಪ್ಪಿನ ಕಟ್ಟುಗಳನ್ನು ತೆಗೆದು ಎಂದಿನಂತೆ ಸಾಲಾಗಿ ಇಟ್ಟಳು. ಒಂದನ್ನು ಎತ್ತಿ ಹಿಡಿದು ತಾಜಾ ಸೊಪ್ಪು ಮಾರುವ ಕೊಂಕಣಿಯ ಕೂಗು ಹಾಕಿದಳು: "ಘೇ ಗೋ ಬಾಯೆ, ತಾಜಿ ಭಾಜಿ!"

ಶೇವಂತಿಬಾಯಿಯ ಕುತ್ತಿಗೆ ಮೆಲ್ಲಗೆ ತಿರುಗಿತು. ಸೊಪ್ಪನ್ನು ನೋಡಿದರು, ಅತ್ತೆಯನ್ನು ನೋಡಿದರು. ತುಟಿ ಸ್ವಲ್ಪ ಹೊತ್ತು ಒದ್ದಾಡಿತು.

"ಕಟ್ಟು… ಸಣ್ಣಾಯ್ತಲೇ… ಗೌರೀ."

ಕನ್ನಡದಲ್ಲಿ!

"ಹಾಳಾದವ್ಳೆ, ಈಗ್ಲೂ ಚೌಕಾಸಿ ಮಾಡ್ತ್ಯೇ!" ಎಂದು ಅತ್ತೆ ಪದ್ಧತಿ ಮರೆತು ಕನ್ನಡದಲ್ಲೇ ಬೈದು, ಅತ್ತುಬಿಟ್ಟಳು.

ಸುನೀತಾ ಬಾಗಿಲಿನಿಂದ ಬಂದು ತಾಯಿಯ ಎದುರು ಮೊಣಕಾಲೂರಿದಳು. ಹುಟ್ಟಿದಂದಿನಿಂದ ಅವರೊಡನೆ ಕೊಂಕಣಿಯ ಹೊರತು ಬೇರೆ ಮಾತು ಆಡದವಳು ಕನ್ನಡದಲ್ಲಿ ಕೇಳಿದಳು, "ಆಯೀ, ಗಂಜಿ ಉಣ್ತ್ಯೇ?"

"ಉಣ್ತೆ. ಗೌರಿಗೂ… ಹಾಕು."

ಗಂಜಿ, ಒಣಮೀನಿನ ಚಟ್ನಿ ಉಂಡು ಮಧ್ಯಾಹ್ನದ ಬಸ್ಸಿಗೆ ಎದ್ದೆವು. ಸೊಪ್ಪಿನ ಬದಲಿಗೆ ಬುಟ್ಟಿ ತುಂಬ ಬಾಂಗಡೆ. ಅಂಗಳ ದಾಟಿ ತಿರುಗಿ ನೋಡಿದೆ: ಸುನೀತಾ ಖಾಲಿ ಬಟ್ಟಲು ಹಿಡಿದು ಇನ್ನೂ ತಾಯಿಯ ಎದುರೇ ಕೂತಿದ್ದಳು, ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಕೇಳುತ್ತ.